ಅಡಿಕೆ ಸುಲಿಯುವ ವಿದ್ಯುತ್ ಯಂತ್ರ: ಕೈಯನ್ನೂ ಜೀವವನ್ನೂ ಉಳಿಸಿಕೊಂಡು ನಡೆಸುವ ಕ್ರಮ



ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಚಾಲಿ ಸುಲಿಯುವ ಕೆಲಸವೆಂದರೆ ಹಿಂದೆ ಊರಿನ ಹತ್ತಾರು ಕೈಗಳು ಒಂದು ಜಗುಲಿಯಲ್ಲಿ ಕೂಡುವ ಕೆಲಸವಾಗಿತ್ತು. ಈಗ ಕತ್ತಿ ಹಿಡಿದು ಸುಲಿಯುವವರು ಸಿಗುವುದು ಕಷ್ಟ. ಆದ್ದರಿಂದ ಮುಟ್ಟಳ್ಳಿಯಂತಹ ಗ್ರಾಮಗಳಲ್ಲಿ ಸಣ್ಣ ಹಿಡುವಳಿದಾರನೂ ಸುಲಿಯುವ ಯಂತ್ರವನ್ನು ಕೊಳ್ಳುವ, ಇಲ್ಲವೇ ಬಾಡಿಗೆಗೆ ತರುವ ಕಾಲ ಬಂದಿದೆ. ಕತ್ತಿ ಕೈಗೆ ಗೀರು ಹಾಕಿದರೆ ಅರಿಸಿನ ಹಚ್ಚಿ ಕೆಲಸ ಮುಂದುವರಿಸಬಹುದಿತ್ತು. ಯಂತ್ರ ಅಷ್ಟು ಕರುಣೆ ತೋರುವುದಿಲ್ಲ. ಅದು ಎರಡು ಬಗೆಯಿಂದ ಅಪಾಯಕಾರಿ: ಒಳಗೆ ತಿರುಗುವ ಉರುಳೆಯಿಂದ ಕೈಗೆ, ಹೊರಗಿನ ವಯರಿನಿಂದ ಜೀವಕ್ಕೆ. ಈ ಎರಡನ್ನೂ ತಡೆಯುವ ಕ್ರಮಗಳನ್ನು ಈ ಪಾಠದಲ್ಲಿ ಒಂದೊಂದಾಗಿ ತಿಳಿಯೋಣ.

1. ವಿದ್ಯುತ್ತು ದೇಹದಲ್ಲಿ ಮಾಡುವುದೇನು?

ನಮ್ಮ ಮನೆಗಳಿಗೆ ಬರುವ ಸಿಂಗಲ್ ಫೇಸ್ ವಿದ್ಯುತ್ತಿನ ಒತ್ತಡ 230 ವೋಲ್ಟ್. ಮನುಷ್ಯನ ಪ್ರಾಣಕ್ಕೆ ಎರವಾಗುವುದು ದೇಹದ ಮೂಲಕ ಹರಿಯುವ ಪ್ರವಾಹ. ಅದನ್ನು ಮಿಲಿ ಆಂಪಿಯರಿನಲ್ಲಿ, ಅಂದರೆ ಆಂಪಿಯರಿನ ಸಾವಿರದ ಒಂದು ಪಾಲಿನಲ್ಲಿ ಅಳೆಯುತ್ತಾರೆ. ಸುಮಾರು 1 ಮಿಲಿ ಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. 10 ದಾಟಿತೆಂದರೆ ಸ್ನಾಯುಗಳು ಸೆಟೆದುಕೊಂಡು, ಹಿಡಿದ ವಸ್ತುವನ್ನು ಬಿಡಲಾಗದ ಸ್ಥಿತಿ ಬರಬಹುದು. 30 ದಾಟಿದರೆ ಉಸಿರಾಟಕ್ಕೂ ಹೃದಯಕ್ಕೂ ಅಪಾಯ. 50ರಿಂದ 100ರ ಮಟ್ಟದಲ್ಲಿ ಕೆಲವೇ ಕ್ಷಣಗಳಲ್ಲಿ ಹೃದಯದ ಬಡಿತ ತಾಳ ತಪ್ಪಿ ನಿಲ್ಲಬಹುದು.

ಒಣಗಿದ ಚರ್ಮ ವಿದ್ಯುತ್ತಿಗೆ ಸಾಕಷ್ಟು ತಡೆ ಒಡ್ಡುತ್ತದೆ. ಬೆವರಿದ ಅಥವಾ ಒದ್ದೆಯಾದ ಮೈಯ ತಡೆ ಸುಮಾರು 1000 ಓಮಿಗೆ ಇಳಿಯುತ್ತದೆ. 230 ವೋಲ್ಟನ್ನು 1000 ಓಮಿನಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್! ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತು ಯಂತ್ರ ಮುಟ್ಟುವವನು ಈ ಲೆಕ್ಕವನ್ನು ನೆನಪಿಡಬೇಕು. ಮನೆಯ ಫ್ಯೂಸು ಇದನ್ನು ತಡೆಯುವುದಿಲ್ಲ. 5 ಆಂಪಿಯರಿನ ಫ್ಯೂಸು ಹಾರಲು 5 ಆಂಪಿಯರಿಗಿಂತ ಹೆಚ್ಚು ಹರಿಯಬೇಕು; ಮನುಷ್ಯ ಸಾಯಲು ಅದರ ಐವತ್ತರಲ್ಲಿ ಒಂದು ಪಾಲು ಸಾಕು. ಫ್ಯೂಸು ಇರುವುದು ತಂತಿಯನ್ನು ಕಾಯಲು. ಮನುಷ್ಯನನ್ನು ಕಾಯಲು ಬೇರೆ ಏರ್ಪಾಡು ಬೇಕು.

2. ಮನುಷ್ಯನನ್ನು ಕಾಯುವ ಎರಡು ಏರ್ಪಾಡುಗಳು

ಮೊದಲನೆಯದು ಅರ್ಥಿಂಗ್, ಅಂದರೆ ಭೂಸಂಪರ್ಕ. ಮೋಟಾರಿನ ಒಳಗಿನ ತಂತಿಯ ಹೊದಿಕೆ ಸವೆದು ಕಬ್ಬಿಣದ ಕವಚಕ್ಕೆ ತಾಗಿದರೆ ಇಡೀ ಯಂತ್ರಕ್ಕೆ ವಿದ್ಯುತ್ತು ಏರುತ್ತದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಕವಚಕ್ಕೆ ಸರಿಯಾದ ಅರ್ಥ್ ತಂತಿ ಇದ್ದರೆ ಸೋರಿದ ವಿದ್ಯುತ್ತು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವನ ಮೈಯೇ ಅದಕ್ಕೆ ದಾರಿ. ಭೂಮಿಗಿಳಿಸುವ ಕೊಳವೆ ಕನಿಷ್ಠ 2.5 ಮೀಟರ್ ಉದ್ದದ ಜಿ.ಐ. ಪೈಪು ಆಗಿರಬೇಕು. ನಮ್ಮ ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗುತ್ತದೆ. ಒಣಗಿದ ನೆಲ ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ. ಸುಲಿಯುವ ಕೆಲಸ ನಡೆಯುವುದೇ ಆ ಒಣ ತಿಂಗಳುಗಳಲ್ಲಿ. ಆದ್ದರಿಂದ ಕೊಳವೆಯ ಬುಡಕ್ಕೆ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹೊಯ್ಯಬೇಕು. ಕಡಲ ಗಾಳಿಯ ಉಪ್ಪಿಗೆ ತಂತಿಯ ಜೋಡಣೆ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ಉಜ್ಜಿ, ಬಿಗಿ ಮಾಡಿಸಬೇಕು.

ಎರಡನೆಯದು ಸೋರಿಕೆ ಪತ್ತೆಹಚ್ಚಿ ವಿದ್ಯುತ್ತು ಕಡಿಯುವ ಸ್ವಿಚ್ಚು; ಅಂಗಡಿಯಲ್ಲಿ ಆರ್.ಸಿ.ಸಿ.ಬಿ. ಎಂದು ಕೇಳಬೇಕು. ಹೋದ ಪ್ರವಾಹ ಅಷ್ಟೇ ಮರಳಿ ಬಂದಿತೇ ಎಂದು ಇದು ಸದಾ ತೂಗುತ್ತಿರುತ್ತದೆ. ತೂಕ ತಪ್ಪಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಜೀವರಕ್ಷಣೆಗೆ 30 ಮಿಲಿ ಆಂಪಿಯರಿನದೇ ಬೇಕು. 100 ಅಥವಾ 300ರದ್ದು ಈ ಕೆಲಸಕ್ಕೆ ಸಾಲದು. ಅದರ ಮೈಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದ ಸ್ವಿಚ್ಚು ಇದ್ದೂ ಇಲ್ಲದಂತೆ. ಎರಡೂ ತಂತಿಗಳನ್ನು ಒಮ್ಮೆಗೇ ಹಿಡಿದವನನ್ನು ಇದು ಉಳಿಸಲಾರದು. ಉರುಳೆಗೆ ಸಿಕ್ಕಿದ ಬೆರಳನ್ನಂತೂ ಇದು ಅರಿಯಲೇ ಆರದು.

ಇಲ್ಲಿ ಒಂದು ಕೆಟ್ಟ ರೂಢಿಯ ಮಾತು ಹೇಳಲೇಬೇಕು. ಪ್ಲಗ್ಗು ಇಲ್ಲದೆ ವಯರಿನ ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸಿ ಯಂತ್ರ ನಡೆಸುವುದು ಹಳ್ಳಿಗಳಲ್ಲಿ ಇನ್ನೂ ಇದೆ. ಆಗ ಮೂರನೆಯ, ಅಂದರೆ ಅರ್ಥಿನ ತಂತಿ ಹೊರಗೇ ಉಳಿಯುತ್ತದೆ. ಯಂತ್ರ ಓಡುತ್ತದೆ ನಿಜ. ಅರ್ಥ್ ಇಲ್ಲದೆಯೂ ಯಂತ್ರ ಚೆನ್ನಾಗಿಯೇ ಓಡುತ್ತದೆ ಎಂಬುದೇ ಮೋಸದ ವಿಷಯ. ಮೂರು ಕಾಲಿನ ಗಟ್ಟಿ ಪ್ಲಗ್ಗನ್ನೇ ಹಾಕಿಸಿರಿ. ಹಸಿರು, ಅಥವಾ ಹಸಿರು ಮತ್ತು ಹಳದಿ ಪಟ್ಟೆಯ ತಂತಿ ಅರ್ಥಿನದು. ಅದನ್ನು ಬೇರಾವ ಕೆಲಸಕ್ಕೂ ಬಳಸಬಾರದು.

3. ಉದ್ದ ವಯರಿನ ಲೆಕ್ಕ

ಸಾಕೆಟ್ಟು ಮನೆಯೊಳಗೆ, ಯಂತ್ರ ಅಂಗಳದಾಚೆಯ ಚಪ್ಪರದಲ್ಲಿ. ನಡುವೆ ಎಷ್ಟೋ ಮಾರು ವಯರು. ದೀಪಕ್ಕೆ ಎಳೆದ ತೆಳ್ಳನೆಯ ವಯರನ್ನೇ ಮೋಟಾರಿಗೂ ಬಳಸುವವರಿದ್ದಾರೆ. ಅದರಿಂದ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ.

ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 6 ಆಂಪಿಯರ್ ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. 0.75 ಚದರ ಮಿಲಿಮೀಟರಿನ ತಾಮ್ರದ ವಯರು 50 ಮೀಟರ್ ಇದ್ದರೆ, ಹೋಗಿ ಬರುವ 100 ಮೀಟರಿಗೆ ಸುಮಾರು 2.6 ಓಮ್ ತಡೆ. ಓಡುವಾಗ 15 ವೋಲ್ಟ್ ವಯರಿನಲ್ಲೇ ಕಳೆಯುತ್ತದೆ; ಹೊರಡುವಾಗ 50 ವೋಲ್ಟಿಗೂ ಮಿಕ್ಕಿ. ಆಗ ಮೋಟಾರು ಗುಂಯ್‌ಗುಟ್ಟುತ್ತದೆ, ಎದ್ದು ತಿರುಗುವುದಿಲ್ಲ, ಬಿಸಿಯಾಗಿ ಸುಟ್ಟುಹೋಗುತ್ತದೆ. ಅದೇ ದೂರಕ್ಕೆ 2.5 ಚದರ ಮಿಲಿಮೀಟರಿನ ವಯರು ಹಾಕಿದರೆ ಓಡುವಾಗಿನ ನಷ್ಟ 5 ವೋಲ್ಟಿನೊಳಗೆ. 

ಇಷ್ಟೇ ಅಲ್ಲ, ಗುಂಯ್‌ಗುಟ್ಟುತ್ತ ನಿಂತ ಯಂತ್ರವನ್ನು ಕಂಡ ಮನುಷ್ಯ ಮಾಡುವುದೇನು? ಕೈಯಿಂದ ಉರುಳೆಯನ್ನೋ ಬೆಲ್ಟನ್ನೋ ಒಂದು ಸುತ್ತು ತಿರುಗಿಸಲು ಹೋಗುತ್ತಾನೆ. ಆ ಕ್ಷಣದಲ್ಲೇ ಅದು ಹೊರಡುತ್ತದೆ. ಹೀಗೆ ತೆಳು ವಯರೂ ಬೆರಳು ಕಳೆಯಬಲ್ಲದು.

ವಯರಿನ ವಿಷಯದಲ್ಲಿ ಪಾಲಿಸಬೇಕಾದವು:

(ಅ) ಸುರುಳಿ ಸುತ್ತಿದ ವಯರನ್ನು ಪೂರ್ತಿ ಬಿಚ್ಚಿ ಬಳಸಿರಿ. ಸುರುಳಿಯಲ್ಲೇ ಉಳಿದ ಭಾಗ ಬಿಸಿಯಾಗಿ ಹೊದಿಕೆ ಕರಗುತ್ತದೆ.

(ಆ) ನಡುವೆ ಗಂಟು ಕಟ್ಟಿ ಟೇಪು ಸುತ್ತಿದ ವಯರು ಬೇಡ. ಮಾಘದ ಬೆಳಗಿನ ಇಬ್ಬನಿಗೆ ಅಂಗಳವೂ ಟೇಪೂ ಒದ್ದೆಯಾಗಿರುತ್ತವೆ. ಮಳೆಯಿಲ್ಲದ ಕಾಲವೆಂದು ಮೈಮರೆಯಬಾರದು.

(ಇ) ಜನ, ದನ, ಗಾಡಿ ಓಡಾಡುವ ದಾರಿಯಲ್ಲಿ ನೆಲದ ಮೇಲೆ ಹಾಯಿಸಬಾರದು. ಗಳ ನೆಟ್ಟು ತಲೆಗೆ ತಾಗದಷ್ಟು ಎತ್ತರದಲ್ಲಿ ತನ್ನಿ. ತಂತಿ ಬೇಲಿಗೆ, ಬಟ್ಟೆ ಒಣಗಿಸುವ ಸರಿಗೆಗೆ ತಾಗಿಸಬೇಡಿ.

(ಈ) ಪ್ಲಗ್ಗು ಕೀಳುವಾಗ ವಯರು ಹಿಡಿದು ಎಳೆಯಬೇಡಿ.

(ಉ) ಅಟ್ಟದ ಮೇಲಿಟ್ಟ ವಯರನ್ನು ಇಲಿ ಕಡಿದಿರಬಹುದು. ಋತುವಿನ ಮೊದಲ ದಿನ ಮಾರುದ್ದಕ್ಕೂ ನೋಡಿಯೇ ಜೋಡಿಸಿರಿ.

4. ಹೊರಡಿಸುವ ಮೊದಲು

ಯಂತ್ರವನ್ನು ಸಮತಟ್ಟಾದ ಒಣ ನೆಲದಲ್ಲಿ, ನೆರಳಿನಲ್ಲಿ, ಅಲುಗದಂತೆ ನಿಲ್ಲಿಸಿರಿ. ನಡೆಸುವವನ ಕಾಲ ಕೆಳಗೆ ಒಣ ಹಲಗೆ, ಕಾಲಿಗೆ ರಬ್ಬರಿನ ಚಪ್ಪಲಿ ಇರಲಿ. ಸ್ವಿಚ್ಚು ಅವನ ಕೈಗೆ ಎಟುಕುವಲ್ಲಿಯೇ ಇರಬೇಕು. ಸಿಕ್ಕಿಹಾಕಿಕೊಂಡವನು ಮನೆಯೊಳಗಿನ ಸ್ವಿಚ್ಚಿಗೆ ಓಡಲಾರ.

ಬೆಲ್ಟಿಗೂ ಗಾಲಿಗಳಿಗೂ ತಗಡಿನ ಮುಚ್ಚಳ ಇರಬೇಕು. ಬೆಲ್ಟು ಬದಲಿಸಲು ತೆಗೆದ ಮುಚ್ಚಳ ಮತ್ತೆ ಹಾಕದೆ ಮೂಲೆ ಸೇರುವುದು ಅನೇಕ ಕಡೆ ಕಾಣುತ್ತದೆ. ಸೀರೆಯ ಸೆರಗು, ಲುಂಗಿಯ ಅಂಚು, ಹೆಗಲ ಮೇಲಿನ ಪಂಚೆ, ಜಡೆ, ಬಳೆ, ಕೈಗಡಿಯಾರ, ಉಂಗುರ ಇವೆಲ್ಲ ತಿರುಗುವ ಯಂತ್ರದ ಬಳಿ ಹಗ್ಗಗಳಾಗುತ್ತವೆ. ಸೆರಗು ಸಿಕ್ಕಿಸಿ, ಕೂದಲು ಗಂಟು ಕಟ್ಟಿ, ತೋಳು ಮಡಚಿ ಕೆಲಸಕ್ಕೆ ನಿಲ್ಲಬೇಕು. ಸಡಿಲವಾದ ಕೈಚೀಲವೂ ಬೇಡ. ಅದು ಬೆರಳನ್ನು ಕಾಯುವ ಬದಲು ಒಳಗೆಳೆಯುತ್ತದೆ. ಸಿಪ್ಪೆಯ ಧೂಳಿಗೆ ಮೂಗಿಗೆ ಬಟ್ಟೆ, ಚಿಮ್ಮುವ ಚೂರಿಗೆ ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು.

ಅಡಿಕೆಯನ್ನೂ ನೋಡಬೇಕು. ಅಲ್ಲಾಡಿಸಿದರೆ ಸಿಪ್ಪೆಯೊಳಗೆ ಗಡಗಡ ಸದ್ದು ಮಾಡುವಷ್ಟು ಒಣಗಿರಬೇಕು. ಅರೆ ಒಣಗಿದ್ದು ಉರುಳೆಗೆ ನಾರು ಸುತ್ತುತ್ತದೆ. ಅಂಗಳದಿಂದ ಬಾಚಿದ ಅಡಿಕೆಯಲ್ಲಿ ಹರಳು, ಮೊಳೆ, ಸರಿಗೆ ತುಂಡು ಇದ್ದರೆ ಗುಂಡಿನಂತೆ ಚಿಮ್ಮುತ್ತವೆ. ಜರಡಿ ಹಿಡಿದು, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿಯೇ ಸುರಿಯಿರಿ. ಅಡಿಕೆ ಒಣಗಿಸುವಲ್ಲಿ ಅವಸರ ಮಾಡಿದವನು ಯಂತ್ರದ ಬಾಯಲ್ಲಿ ಅದರ ಬೆಲೆ ತೆರುತ್ತಾನೆ.

5. ಯಂತ್ರ ಸಿಕ್ಕಿಕೊಂಡಾಗ: ಪಾಠದ ಮುಖ್ಯ ಭಾಗ

ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಗಾಲಿಗಳ ಮೂಲಕ ಅದನ್ನು ಮೂರರಲ್ಲಿ ಒಂದಕ್ಕೆ ಇಳಿಸಿದರೂ ಉರುಳೆ ಸೆಕೆಂಡಿಗೆ 8 ಸುತ್ತು. ಬೆರಳಿಗೆ ತಾಗಿತೆಂದು ಮಿದುಳು ತಿಳಿದು ಕೈ ಹಿಂತೆಗೆಯಲು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಉರುಳೆ ಎರಡು ಸುತ್ತು ಮುಗಿಸಿರುತ್ತದೆ. 'ನಾನು ಚುರುಕು, ತೆಗೆದುಬಿಡುತ್ತೇನೆ' ಎಂಬ ಮಾತಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಹಿಮ ಬೀಳುವ ದೇಶಗಳಲ್ಲಿ ಮನೆಯ ದಾರಿಯ ಹಿಮವನ್ನು ಬಾಚಿ ಬದಿಗೆ ಎಸೆಯಲು ವಿದ್ಯುತ್ ಯಂತ್ರಗಳಿವೆ. ಕೆನಡಾ, ಅಮೆರಿಕಗಳಲ್ಲಿರುವ ನಮ್ಮವರ ಮಕ್ಕಳು ಅದನ್ನು ಬಲ್ಲರು. ಅಲ್ಲಿಯೂ ಚಳಿಗಾಲದಲ್ಲಿ ಅನೇಕರು ಬೆರಳು ಕಳೆದುಕೊಳ್ಳುತ್ತಾರೆ. ಒದ್ದೆ ಹಿಮ ಎಸೆಯುವ ಕೊಳವೆಗೆ ಸಿಕ್ಕಿಕೊಂಡಾಗ, ಯಂತ್ರ ನಿಂತಿದೆಯಲ್ಲಾ ಎಂದು ಕೈ ಹಾಕಿದವರೇ ಅವರಲ್ಲಿ ಹೆಚ್ಚು. ಸಿಕ್ಕಿ ನಿಂತ ಯಂತ್ರದ ಬೆಲ್ಟು ಬಿಲ್ಲಿನಂತೆ ಬಿಗಿದುಕೊಂಡಿರುತ್ತದೆ. ತಡೆ ತೆಗೆದೊಡನೆ, ವಿದ್ಯುತ್ತು ಇಲ್ಲದಿದ್ದರೂ, ಅಲಗು ಒಮ್ಮೆ ಜಿಗಿದು ತಿರುಗಬಲ್ಲದು. ಅಲ್ಲಿ ಒದ್ದೆ ಹಿಮ, ಇಲ್ಲಿ ಹಸಿ ಸಿಪ್ಪೆ. ಕೈ ಹೋಗುವ ಬಗೆ ಒಂದೇ.

ನಮ್ಮ ದೇಶದಲ್ಲಿ ಒಕ್ಕಣೆ ಯಂತ್ರಗಳಿಗೆ ಕೈ ಸಿಕ್ಕಿ ಊನರಾದ ರೈತರು, ಕೂಲಿಕಾರರು ಎಷ್ಟೊಂದು ಮಂದಿಯೆಂದರೆ, ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನೇ ಮಾಡಬೇಕಾಯಿತು. ಆದರೆ ಕಾಯಿದೆ ಅಂಗಳಕ್ಕೆ ಬಂದು ಕೈ ಹಿಡಿಯುವುದಿಲ್ಲ. ಈ ಆರು ಹೆಜ್ಜೆಗಳನ್ನು ಬಾಯಿಪಾಠ ಮಾಡಿಕೊಳ್ಳಿ:

ಒಂದು, ಸ್ವಿಚ್ಚು ಆರಿಸಿ.
ಎರಡು, ಪ್ಲಗ್ಗು ಕಿತ್ತು ನಿಮ್ಮ ಕಣ್ಣಿಗೆ ಕಾಣುವಂತೆ ಹತ್ತಿರ ಇಟ್ಟುಕೊಳ್ಳಿ. ಬೇರೆಯವರು ತಿಳಿಯದೆ ಹಾಕಬಾರದು.
ಮೂರು, ಉರುಳೆ, ಗಾಲಿ, ಬೆಲ್ಟು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಸ್ವಿಚ್ಚು ಆರಿಸಿದ ಮೇಲೂ ಅವು ಕೆಲವು ಕ್ಷಣ ತಿರುಗುತ್ತವೆ.
ನಾಲ್ಕು, ಮೊಳದುದ್ದದ ಗಟ್ಟಿ ಕೋಲಿನಿಂದಲೇ ಸಿಕ್ಕಿದ್ದನ್ನು ಬಿಡಿಸಿ. ಆ ಕೋಲು ಯಂತ್ರಕ್ಕೆ ಕಟ್ಟಿಕೊಂಡೇ ಇರಲಿ.
ಐದು, ಬಿಡಿಸುವಾಗ ಇನ್ನೊಂದು ಕೈ ಬೆಲ್ಟಿನ ಬಳಿ ಇರಬಾರದು. ಉರುಳೆ ಜಿಗಿಯಬಹುದೆಂದೇ ತಿಳಿದಿರಿ.
ಆರು, ಮುಚ್ಚಳ ಹಾಕಿ, ಎಲ್ಲರೂ ದೂರ ಸರಿದರೆಂದು ನೋಡಿ, ಕೂಗಿ ಹೇಳಿ, ಆಮೇಲೆ ಹೊರಡಿಸಿ.

ಕಾಫಿ ಬೆಳೆಗಾರರ ಪಲ್ಪರಿಗೂ ಇದೇ ಆರು ಹೆಜ್ಜೆಗಳು ಸಲ್ಲುತ್ತವೆ. ಅಲ್ಲಿ ನೀರು ಹರಿಯುತ್ತಲೇ ಇರುವುದರಿಂದ ಎರಡನೆಯ ಭಾಗದಲ್ಲಿ ಹೇಳಿದ ಏರ್ಪಾಡುಗಳು ಇನ್ನೂ ಅಗತ್ಯ.

6. ಕರೆಂಟು ಹೋದಾಗ

ಸುಲಿಯುತ್ತಿರುವಾಗ ಕರೆಂಟು ಹೋಗುತ್ತದೆ. ಯಂತ್ರ ನಿಲ್ಲುತ್ತದೆ. 'ಹೇಗೂ ನಿಂತಿದೆ, ಈಗಲೇ ಸ್ವಚ್ಛ ಮಾಡೋಣ' ಎನಿಸುವುದು ಸಹಜ. ಅತಿ ಅಪಾಯದ ಘಳಿಗೆ ಇದೇ. ಸ್ವಿಚ್ಚು ಹಾಕಿದ ಸ್ಥಿತಿಯಲ್ಲೇ ಇದ್ದರೆ, ಕರೆಂಟು ಬಂದ ಕ್ಷಣದಲ್ಲಿ ಯಂತ್ರ ಯಾರನ್ನೂ ಕೇಳದೆ ಹೊರಡುತ್ತದೆ. ಕರೆಂಟು ಹೋದೊಡನೆ ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗು ಕೀಳುವುದು ಅಭ್ಯಾಸವಾಗಬೇಕು. ಹೊಸದಾಗಿ ಕೊಳ್ಳುವವರು, ಕರೆಂಟು ಹೋದರೆ ತಾನೇ ಬಿಟ್ಟುಕೊಂಡು ಮತ್ತೆ ಗುಂಡಿ ಒತ್ತುವವರೆಗೆ ಹೊರಡದ ಸ್ಟಾರ್ಟರನ್ನೇ ಕೇಳಿ ಪಡೆಯಿರಿ. ತ್ರೀ ಫೇಸ್ ಮೋಟಾರಾದರೆ ಒಂದು ಫೇಸ್ ತಪ್ಪಿದಾಗ ನಿಲ್ಲಿಸುವ ರಕ್ಷಕವೂ ಬೇಕು.

ಸಿಂಗಲ್ ಫೇಸ್ ಮೋಟಾರಿನ ಬೆನ್ನ ಮೇಲಿನ ಕೆಪಾಸಿಟರು ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಅದರ ಮುಚ್ಚಳ ಬಿಚ್ಚುವುದು ತಿಳಿದವರ ಕೆಲಸ.

7. ನಡೆಸುವವನ ವಿಷಯ

ಯಂತ್ರ ದಣಿಯುವುದಿಲ್ಲ, ಮನುಷ್ಯ ದಣಿಯುತ್ತಾನೆ. ರಾತ್ರಿಯಿಡೀ ಆಟ ನೋಡಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಬೆಳಿಗ್ಗೆ ಯಂತ್ರದ ಮುಂದೆ ನಿಲ್ಲಬಾರದು. ಕುಡಿದವರನ್ನು ಹತ್ತಿರ ಬಿಡಲೇಬಾರದು. ಗಂಟೆಗೊಮ್ಮೆ ಆಳು ಬದಲಾಗಲಿ. ಮಂದ ಬೆಳಕಿನಲ್ಲಿ ಕೆಲಸ ಬೇಡ. ಸಿಪ್ಪೆಯ ರಾಶಿ ಮಕ್ಕಳಿಗೆ ಆಟದ ಬಯಲು. ಅವರನ್ನು ದೂರವಿಡಲು ಒಬ್ಬರಿಗೆ ಹೊಣೆ ವಹಿಸಿರಿ. ಬಾಡಿಗೆ ಯಂತ್ರದೊಡನೆ ಬಂದ ಹುಡುಗನಿಗೂ, ದಿನಗೂಲಿಗೆ ಬಂದ ಹೆಂಗಸಿಗೂ ಮೊದಲ ದಿನವೇ ಈ ಆರು ಹೆಜ್ಜೆಗಳನ್ನು ತೋರಿಸಿ ಕೊಡಬೇಕಾದವನು ತೋಟದ ಯಜಮಾನ. ಕೈ ಅವರದು, ಅಂಗಳ ನಮ್ಮದು.

ಒಬ್ಬಂಟಿಯಾಗಿ ಯಂತ್ರ ನಡೆಸುವುದೂ ಸಲ್ಲದು. ಸ್ವಿಚ್ಚು ಆರಿಸಬಲ್ಲ ಎರಡನೆಯವರು ಕೂಗಳತೆಯಲ್ಲಿ ಇರಲೇಬೇಕು. ಮೋಟಾರಿನ ಸುತ್ತ ಸಿಪ್ಪೆಯ ಧೂಳು ತುಂಬಲು ಬಿಡಬೇಡಿ. ಗಾಳಿಯಾಡದೆ ಮೋಟಾರು ಕಾದು ಒಣ ಸಿಪ್ಪೆಗೆ ಬೆಂಕಿ ಹತ್ತಬಹುದು.

8. ಮಳೆಗಾಲದಲ್ಲಿ

2022ರ ಆಗಸ್ಟ್ ಮೊದಲ ದಿನಗಳ ಮಳೆಯನ್ನು ನಮ್ಮ ಸೀಮೆಯವರು ಮರೆಯಲಾರರು. ಆಗಸ್ಟ್ 2ರಂದು ಮುಟ್ಟಳ್ಳಿಯಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ನಾಲ್ವರು ತೀರಿಕೊಂಡರು. ಭಟ್ಕಳ ಪಟ್ಟಣದಲ್ಲಿ ಮನೆ, ಅಂಗಡಿಗಳಿಗೆ ನೀರು ನುಗ್ಗಿತು. ಅಂತಹ ಮಳೆಯ ಮರುದಿನಗಳಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ: ನೀರಲ್ಲಿ ಮುಳುಗೆದ್ದ ಮೋಟಾರು, ಪಂಪು, ಸ್ವಿಚ್ಚು ಬೋರ್ಡುಗಳು. ಹೊರಗೆ ಒಣಗಿದಂತೆ ಕಂಡರೂ ಸುರುಳಿಯೊಳಗೆ ತೇವ ಉಳಿದಿರುತ್ತದೆ. ನೀರು ನುಗ್ಗುವ ಲಕ್ಷಣ ಕಂಡೊಡನೆ, ನೆಲ ಇನ್ನೂ ಒಣಗಿರುವಾಗಲೇ ಮೇನ್ ಸ್ವಿಚ್ಚು ಆರಿಸಿರಿ. ನೀರಲ್ಲಿ ನಿಂತು ಆರಿಸಲು ಹೋಗಬೇಡಿ. ಮುಳುಗಿದ ಮೋಟಾರನ್ನು ರಿವೈಂಡಿಂಗ್ ಅಂಗಡಿಯಲ್ಲಿ ಒಣಗಿಸಿ, ಮೆಗ್ಗರ್ ಹಚ್ಚಿ ಅಳೆಸಿದ ಮೇಲೆಯೇ ಜೋಡಿಸಬೇಕು. ಸುರುಳಿಗೂ ಕವಚಕ್ಕೂ ನಡುವೆ ಕನಿಷ್ಠ ಒಂದು ಮೆಗಾ ಓಮ್ ತಡೆ ತೋರಿಸಬೇಕು.

ತೋಟದಲ್ಲಿ ತಂತಿ ಕಡಿದು ಬಿದ್ದಿದ್ದರೆ ಸತ್ತ ತಂತಿಯೆಂದು ಎಣಿಸಬೇಡಿ. ಹತ್ತಿರ ಯಾರನ್ನೂ ಬಿಡದೆ ಹೆಸ್ಕಾಂ ಕಚೇರಿಗೆ ಅಥವಾ 1912ಕ್ಕೆ ತಿಳಿಸಿರಿ.

9. ಅಪಘಾತವಾದರೆ

ವಿದ್ಯುತ್ತು ಹಿಡಿದವನನ್ನು ಬರಿಗೈಯಲ್ಲಿ ಮುಟ್ಟಬೇಡಿ. ಒಬ್ಬನನ್ನು ಬಿಡಿಸಲು ಹೋಗಿ ಇಬ್ಬರು ಮೂವರು ಸಾಯುವುದು ಹೀಗೆಯೇ. ಮೊದಲು ಮೇನ್ ಸ್ವಿಚ್ಚು. ಅದು ಆಗದಿದ್ದರೆ, ಮನೆ ಬಳಕೆಯ ವಿದ್ಯುತ್ತಾಗಿದ್ದಲ್ಲಿ ಮಾತ್ರ, ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಿ. ಹಸಿ ದಬ್ಬೆ, ಹಸಿ ಬಿದಿರು ಒಯ್ಯುವುದು ವಿದ್ಯುತ್ತನ್ನೇ. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು, ಎರಡು ಅಂಗುಲ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಎಚ್ಚರಗೊಂಡು ಎದ್ದು ಕೂತರೂ ವೈದ್ಯರಿಗೆ ತೋರಿಸಬೇಕು.

ಕೈ ಸಿಕ್ಕಿಕೊಂಡರೆ ಪ್ಲಗ್ಗು ಕಿತ್ತು, ಬೆಲ್ಟು ಸಡಿಲಿಸಿ, ಉರುಳೆಯನ್ನು ಕೈಯಿಂದ ಮೆಲ್ಲನೆ ಹಿಂದಕ್ಕೆ ತಿರುಗಿಸಿ ಬಿಡಿಸಿ. ಮೋಟಾರಿನಿಂದ ಹಿಂದಕ್ಕೆ ಓಡಿಸಬೇಡಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎತ್ತರದಲ್ಲಿಡಿ. ಬೆರಳು ತುಂಡಾಗಿದ್ದರೆ ಹುಡುಕಿ, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಒಯ್ಯಿರಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ನಮ್ಮಲ್ಲಿಂದ ಮಣಿಪಾಲ, ಮಂಗಳೂರಿನ ದಾರಿ ಉದ್ದವಾದುದು. ಹೀಗೆ ಒಯ್ದರೆ ಮಾತ್ರ ಜೋಡಿಸುವ ಆಸೆ ಇರಿಸಿಕೊಳ್ಳಬಹುದು.

ಮನೆಮಂದಿ ಕೂಡಿ ಉತ್ತರಿಸಬೇಕಾದ ಪ್ರಶ್ನೆಗಳು

1. ಫ್ಯೂಸು ಸರಿಯಾಗಿದ್ದರೂ ಮನುಷ್ಯನಿಗೆ ರಕ್ಷಣೆ ಇಲ್ಲವೇಕೆ?
2. ನಿಮ್ಮ ಮನೆಯ ಆರ್.ಸಿ.ಸಿ.ಬಿ. ಎಷ್ಟು ಮಿಲಿ ಆಂಪಿಯರಿನದು? ಅದರ ಗುಂಡಿಯನ್ನು ಕೊನೆಯ ಸಲ ಒತ್ತಿದ್ದು ಯಾವಾಗ?
3. ನಿಮ್ಮ ಯಂತ್ರಕ್ಕೆ ಎಳೆದ ವಯರು ಎಷ್ಟು ಮೀಟರ್, ಎಷ್ಟು ದಪ್ಪದ್ದು?
4. ಕರೆಂಟು ಹೋದೊಡನೆ ಮಾಡಬೇಕಾದ ಮೊದಲ ಕೆಲಸ ಯಾವುದು?
5. ಸಿಕ್ಕಿದ ಸಿಪ್ಪೆ ಬಿಡಿಸುವ ಆರು ಹೆಜ್ಜೆಗಳನ್ನು ಕ್ರಮವಾಗಿ ಹೇಳಿರಿ.

ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರ ಈ ಪುಟದಲ್ಲಿ ಸಿಗದು. ಎದ್ದು ಹೋಗಿ ಬೋರ್ಡನ್ನೂ ವಯರನ್ನೂ ನೋಡಿಯೇ ಬರೆದಿಡಬೇಕು. ಐದನೆಯದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಯಂತ್ರದ ಹಿಂದಿನ ಗೋಡೆಗೆ ಅಂಟಿಸಿರಿ. ಒಂದು ಕ್ವಿಂಟಲ್ ಚಾಲಿ ಇಂದು ಸುಲಿಯದಿದ್ದರೆ ನಾಳೆ ಸುಲಿಯಬಹುದು.